ಉಗುರು ಮೂಡಿದ ಹೆಜ್ಜೆ

"ಗುರುಗಳೇ, ಆ ಮುದುಕರು ಇವತ್ತೂ ಬಂದಿದ್ದರು. ಮೈಯಲ್ಲಿ ಯಾವ ರೋಗವೂ ಇಲ್ಲ. ಆದರೂ ದಿನಾ ಬಂದು ಔಷಧಿ ಕೇಳುತ್ತಾರೆ. 'ನಿಮ್ಮದು ಸುಳ್ಳು' ಎಂದು ಅವರಿಗೆ ಎಲ್ಲರ ಎದುರಿಗೇ ಹೇಳಿಬಿಡಲೇ?" ಎಂದು ಮಠದಲ್ಲಿ ಔಷಧಿ ಕೊಡುವ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಬೆಟ್ಟದ ಕೆಳಗೆ ಒಂದು ಊರು. ಆ ಬೆಟ್ಟದಲ್ಲಿ ಕರಿಹುಲಿಯೊಂದು ಇದೆಯೆಂದು ಪ್ರತೀತಿ. ಅದನ್ನು ಕಂಡವರು ಊರಲ್ಲಿ ಯಾರೂ ಇರಲಿಲ್ಲ. ಆದರೆ ಎಲ್ಲರ ಅಜ್ಜಂದಿರೂ ಕಂಡಿದ್ದರು. ಹುಲಿ ಕಂಡವನನ್ನು ಮೂರು ದಿನ ಒಂಟಿಯಾಗಿ ಬಿಡಬಾರದೆಂಬುದು ಆ ಊರಿನ ಕಟ್ಟಳೆ. ಬಿಟ್ಟರೆ ಭಯ ಎದೆಯಲ್ಲೇ ಕೂತುಬಿಡುತ್ತದಂತೆ. ಹಾಗಾಗಿ ಮನೆಗೊಬ್ಬರಂತೆ ಸರದಿಯಲ್ಲಿ ಅವನ ಜೊತೆ ಕೂತು, ಉಂಡು, ಕಂಡದ್ದನ್ನೆಲ್ಲ ಅವನ ಬಾಯಿಂದ ಮತ್ತೆ ಮತ್ತೆ ಹೇಳಿಸುತ್ತಿದ್ದರು.

ಊರಾಚೆ ಬಿದಿರುಮೆಳೆಯ ಪಕ್ಕ ಬುಟ್ಟಿ ಹೆಣೆಯುವವನೊಬ್ಬನಿದ್ದ. ಹೆಂಡತಿ ತೀರಿಹೋದ ಮೇಲೆ ಅವನ ಗುಡಿಸಲಿಗೆ ಬರುವವರಿರಲಿಲ್ಲ. ಬುಟ್ಟಿ ಬೇಕಾದವರು ದಾರಿಯಲ್ಲೇ ನಿಂತು ಕೊಂಡು ಹೋಗುತ್ತಿದ್ದರು. ಎಷ್ಟೋ ದಿನ ಅವನು ಬಾಯಿ ತೆರೆಯುತ್ತಿದ್ದದ್ದು ಉಣ್ಣುವುದಕ್ಕೆ ಮಾತ್ರ. ಒಂದು ದಿನ ಬಿದಿರು ಕಡಿಯುವಾಗ ಮೆಳೆಯೊಳಗೆ ಏನೋ ಕಪ್ಪಗೆ ಸರಿಯಿತು. ಅವನು ಊರಿಗೆ ಓಡಿದ. ಮೂರು ದಿನ ಗುಡಿಸಲ ತುಂಬ ಜನ. ನಾಲ್ಕನೆಯ ದಿನ ಯಾರೂ ಇಲ್ಲ. ಆ ನಾಲ್ಕನೆಯ ದಿನವನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

ತಿಂಗಳು ಕಳೆಯುವುದರೊಳಗೆ ಅವನಿಗೆ ಹುಲಿ ಮತ್ತೆ ಕಂಡಿತು. ಮಳೆಗಾಲಕ್ಕೆ ಇನ್ನೊಮ್ಮೆ ಕಂಡಿತು. ಈ ಸಲ ಅದಕ್ಕೆ ಒಂದು ಕಿವಿ ಇರಲಿಲ್ಲ. ಊರವರು ಮುಸಿಮುಸಿ ನಕ್ಕರು. ಊರ ಯಜಮಾನ ಮಾತ್ರ ನಗಲಿಲ್ಲ. "ನಾಳೆ ಬೇಟೆಗಾರನನ್ನು ಕರೆಸುತ್ತೇನೆ. ಹೆಜ್ಜೆ ಸಿಕ್ಕದಿದ್ದರೆ ಇನ್ನು ಮೇಲೆ ಇವನ ಗುಡಿಸಲಿಗೆ ಯಾರೂ ಕಾಲಿಡಕೂಡದು" ಎಂದ.

ಬೆಳಗಾಗುತ್ತಲೇ ಬುಟ್ಟಿಯವನು ಹಳ್ಳದ ಕೆಸರಿಗಿಳಿದ. ಅಂಗೈ ಊರಿದ, ಬೆರಳು ಒತ್ತಿದ. ನೋಡಿದವರಿಗೆ ನಂಬಿಕೆಯಾಗಲೆಂದು ಬಿದಿರು ಸೀಳಿನ ತುದಿಯಿಂದ ಒಂದೊಂದು ಬೆರಳಿಗೂ ಚೂಪಾದ ಉಗುರು ಬರೆದ. ಬುಟ್ಟಿಗೆ ಅಂಚು ಕಟ್ಟುವಷ್ಟೇ ಮುತುವರ್ಜಿಯಿಂದ ಬರೆದ.

ಬೇಟೆಗಾರ ಮುದುಕ ಬಂದು ಆ ಹೆಜ್ಜೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಬಹಳ ಹೊತ್ತು ನೋಡಿದ. ಬುಟ್ಟಿಯವನ ಬೆರಳ ಸಂದಿಯಲ್ಲಿ ಇನ್ನೂ ಒಣಗದ ಕೆಸರನ್ನೂ ನೋಡಿದ. ಆಮೇಲೆ ಎದ್ದು, "ಇದು ಹುಲಿಯದೇ ಹೆಜ್ಜೆ, ಯಜಮಾನರೇ. ಈ ಮೂರು ದಿನ ಇವನ ಜೊತೆ ನಾನೇ ಇರುತ್ತೇನೆ" ಎಂದ.

ಹೇಳಿದಂತೆ ಇದ್ದ. ಒಂದೇ ಕತೆಯನ್ನು ಏಳೆಂಟು ಸಲ ಕೇಳಿದ. ಹುಲಿಯ ಕತೆ ಮುಗಿದ ಮೇಲೆ ಹೆಂಡತಿಯ ಕತೆ ಬಂತು, ಅದನ್ನೂ ಕೇಳಿದ. ಹೊರಡುವಾಗ ತಲೆಗೆ ರುಮಾಲು ಸುತ್ತುತ್ತ ಮೆಲ್ಲಗೆ ಹೇಳಿದ: "ತಮ್ಮಾ, ಹುಲಿ ನಡೆಯುವಾಗ ಉಗುರನ್ನು ಒಳಗೆಳೆದುಕೊಂಡಿರುತ್ತದೆ. ಇನ್ನೊಂದು ಸಲ ಉಗುರು ಬರೆಯಬೇಡ."

ಬುಟ್ಟಿಯವನಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ನಾಚಿಕೊಳ್ಳುವುದಕ್ಕಾದರೂ ಎಷ್ಟೋ ವರ್ಷಗಳ ಮೇಲೆ ಎದುರಿಗೊಬ್ಬರು ಇದ್ದಾರಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಒಪ್ಪಿಗೆಯಾಗಲಿಲ್ಲ. "ಹಾಗಾದರೆ ಬೇಟೆಗಾರನೂ ಸುಳ್ಳು ಹೇಳಿದ ಹಾಗಾಯಿತಲ್ಲ, ಗುರುಗಳೇ?" ಎಂದ.

"ಹೌದು, ಹೇಳಿದ. ಆದರೆ ನೀನು ಆ ಮುದುಕರಿಗೆ ಒಂದು ದಿನವಾದರೂ ಕೂತುಕೊಳ್ಳಿ ಅಂದಿದ್ದೀಯಾ?"