ಕೆಂಪಿಗೊಂದು, ಹಸಿರಿಗೊಂದು

ಕೆಂಪಾಜಮ್ಮನಿಗೆ ಒಬ್ಬನೇ ಮಗ. ಒಬ್ಬನೇ ಸಾಕಾಗಿ ಹೋಗಿದ್ದ! ಹೆಸರು ಚೆನ್ನಿಗ. ಮೀಸೆ ಬಂದು ಹತ್ತು ವರ್ಷವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು.

ಅವಳು ಕಾಫಿ ಕಾಯಿಸುತ್ತಿದ್ದದ್ದು ಶಾಂಭವಿ ಮೇಡಂ ಅವರ ಹೊಲೋಗ್ರಾಮ್ ಕಾರ್ಖಾನೆಯಲ್ಲಿ. ಅಲ್ಲಿ ಕಂಪ್ಯೂಟರು ಲೆಕ್ಕ ಹಾಕುತ್ತೆ, ಯಂತ್ರ ಉಗುರಗಲದ ಗಾಜಿನ ಮೇಲೆ ಸಣ್ಣ ಸಣ್ಣ ಗೆರೆ ಬರೆಯುತ್ತೆ. ಅದಕ್ಕೆ ಕೆಂಪು ಬೆಳಕು ಬಿಟ್ಟರೆ ಗೋಡೆಯ ಮೇಲೆ ನವಿಲು. ಹಸಿರು ಬಿಟ್ಟರೆ ನವಿಲು ಮಾಯ, ಬೆಳಕೆಲ್ಲ ಒಂದೇ ಚುಕ್ಕಿಗೆ ಬಂದು ಕೂರುತ್ತೆ. ಗಾಜು ಒಂದೇ, ಕೆಲಸ ಎರಡು!

ಕಾಡಿ ಬೇಡಿ ಮಗನನ್ನೂ ಅಲ್ಲಿಗೇ ಸೇರಿಸಿದಳು. "ಶನಿವಾರದವರೆಗೆ ನೋಡ್ತೀನಿ" ಅಂದರು ಮೇಡಂ. "ಕೆಲಸ ಖಾಯಂ ಆದರೆ ನನ್ನ ಮಗಳು ಪುಟ್ಟಲಕ್ಷ್ಮೀನ ಕೊಡ್ತೀನಿ" ಅಂದ ಪಕ್ಕದ ಬೀದಿಯ ದ್ಯಾವಣ್ಣ. ಏಳು ಕಡೆ ಹೆಣ್ಣು ಕೇಳಿ ಬರಿಗೈಲಿ ಬಂದಿದ್ದ ಕೆಂಪಾಜಮ್ಮ ಅವತ್ತೇ ದೇವರಿಗೆ ಹರಕೆ ಹೊತ್ತಳು.

ಸೋಮವಾರ ಮೇಡಂ ಗಾಜು ಕೊಟ್ಟರು. "ಇದರ ಮೇಲೆ ಒಂದು ಚೂರೂ ಕೊಳೆ ಇರಬಾರದು."

ಚೆನ್ನಿಗ ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಅಬ್ಬಬ್ಬಾ, ತುಂಬಾ ಗೆರೆ! ಹುಣಸೆಹಣ್ಣು ತಂದ, ತೆಂಗಿನ ನಾರು ತಂದ, ಉಜ್ಜಿದ ಉಜ್ಜಿದ ಉಜ್ಜಿದ. ಗೆರೆಯೆಲ್ಲ ಮಾಯ, ಗಾಜು ಫಳಫಳ!

"ಅಯ್ಯೋ! ಮೂರು ವಾರದ ಕೆಲಸ ಕಣಯ್ಯಾ! ಕೈಯಲ್ಲಿ ಮುಟ್ಟಬೇಡ! ಚಿಮಟದಲ್ಲಿ ಅಂಚು ಹಿಡಿ! ಉಸಿರೂ ತಾಗಿಸಬೇಡ!" ಅಂತ ಕಿರುಚಿದರು ಮೇಡಂ.

"ಕೇಳಿಸ್ತೇನೋ?" ಅಂದಳು ಕೆಂಪಾಜಮ್ಮ. "ಚಿಮಟ! ಅಂಚು! ಉಸಿರು!"

"ಕೇಳಿಸ್ತು ಅವ್ವಾ."

ಬುಧವಾರ ಮೇಡಂಗೆ ಹಸಿವು. "ಎದುರು ಹೋಟೆಲಿಂದ ಮಸಾಲೆ ದೋಸೆ ತಾರಯ್ಯಾ."

ಚೆನ್ನಿಗ ಚಿಮಟದಲ್ಲಿ ದೋಸೆಯ ಅಂಚು ಹಿಡಿದ, ಉಸಿರು ಕಟ್ಟಿದ, ರಸ್ತೆ ದಾಟಿದ. ಪಲ್ಯ ರಸ್ತೆಗೆ, ದೋಸೆ ನಾಯಿಗೆ. ಚಿಮಟದಲ್ಲಿ ಉಳಿದದ್ದು ಬೆರಳಗಲದ ಚೂರು. ಉಸಿರಿಲ್ಲದೆ ಅವನ ಮುಖ ಬದನೆಕಾಯಿ!

"ಬೇಡಪ್ಪಾ, ನೀನು ಏನೂ ತರಬೇಡ!" ಅಂದರು ಮೇಡಂ. "ಬಾಗಿಲಲ್ಲಿ ನಿಲ್ಲು. ಬಂದದ್ದಕ್ಕೆಲ್ಲ ಕೆಂಪು ಟಾರ್ಚು ಬಿಡು, ಹಸಿರು ಟಾರ್ಚು ಬಿಡು. ಕೆಂಪಿಗೊಂದು, ಹಸಿರಿಗೊಂದು ಬಂತೋ, ಪಾಸು. ಹತ್ತಿ ಸುತ್ತಿ ಬೀರುವಿನ ಪಕ್ಕ ಇಡು. ಇಲ್ಲವೋ, ಕೆಂಪು ಚೀಟಿ ಅಂಟಿಸಿ ರದ್ದಿ ಕೋಣೆಗೆ ಹಾಕು."

"ಒಂದಕ್ಷರ ಆಚೀಚೆ ಆಗಬಾರದು!" ಅಂದಳು ಕೆಂಪಾಜಮ್ಮ.

ಆಗಲಿಲ್ಲ. ಗುರುವಾರ, ಶುಕ್ರವಾರ ಒಂದೂ ತಪ್ಪಿಲ್ಲ. ಅವಳು ಮದುವೆಗೆ ಸೀರೆಯ ಬಣ್ಣ ಯೋಚಿಸತೊಡಗಿದಳು.

ಶನಿವಾರ ದ್ಯಾವಣ್ಣನೇ ಬಂದ, ಹುಡುಗ ಏನು ಕೆಲಸ ಮಾಡ್ತಾನೆ ನೋಡೋಣ ಅಂತ. ಹಿಂದೆ ಪುಟ್ಟಲಕ್ಷ್ಮಿ.

ಚೆನ್ನಿಗ ಮಾವನ ಬೋಳುತಲೆಗೆ ಕೆಂಪು ಬಿಟ್ಟ. ಗೋಡೆಯ ಮೇಲೆ ಬರೀ ನೆರಳು. ಹಸಿರು ಬಿಟ್ಟ. ಅದೇ ನೆರಳು! ಹಣೆಗೆ ಚೀಟಿ ಪಟ್ ಅಂತ ಅಂಟಿಸಿ, ರದ್ದಿ ಕೋಣೆಗೆ ತಳ್ಳಿದ.

ಪುಟ್ಟಲಕ್ಷ್ಮಿಗೆ ಕೆಂಪು ಬಿಟ್ಟ. ಅವಳು ಕಿಸಕ್ಕನೆ ನಕ್ಕಳು. ಹಸಿರು ಬಿಟ್ಟ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು!

"ಕೆಂಪಿಗೆ ನಗು, ಹಸಿರಿಗೆ ಅಳು. ಪಾಸು!" ಅಂದವನೇ ಹತ್ತಿ ಸುತ್ತತೊಡಗಿದ.

ಕೆಂಪಾಜಮ್ಮ ಕಾಫಿ ಹಿಡಿದು ಬಂದು ನೋಡುತ್ತಾಳೆ, ಬೀರುವಿನ ಪಕ್ಕ ಕುತ್ತಿಗೆವರೆಗೆ ಹತ್ತಿಯಲ್ಲಿ ಭಾವೀ ಸೊಸೆ! ಹೋಯ್ತು, ಕೆಲಸವೂ ಹೋಯ್ತು, ಹೆಣ್ಣೂ ಹೋಯ್ತು!

"ಅಪ್ಪಾ, ನಾನು ಪಾಸಂತೆ!" ಅಂತ ಕೂಗಿದಳು ಪುಟ್ಟಲಕ್ಷ್ಮಿ. "ಇಷ್ಟು ಜೋಪಾನ ಮಾಡೋನು ಇನ್ನೆಲ್ಲಿ ಸಿಗ್ತಾನೆ? ಇವನನ್ನೇ ಮಾಡ್ಕೋತೀನಿ!"

"ನಿನ್ನ ಇಷ್ಟ ಕಣವ್ವಾ. ಮೊದಲು ನನ್ನನ್ನ ಇಲ್ಲಿಂದ ಬಿಡಿಸ್ರೋ!" ಅಂತ ರದ್ದಿ ಕೋಣೆಯಿಂದ ದ್ಯಾವಣ್ಣ.

ಗಲಾಟೆ ಕೇಳಿ ಬಂದ ಮೇಡಂ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. "ಹೇಳಿದ್ದರಲ್ಲಿ ಒಂದಕ್ಷರ ಬಿಟ್ಟಿಲ್ಲ ಇವನು! ಬಾಗಿಲು ಕಾಯೋಕೆ ಇಂಥವನೇ ಬೇಕು. ಇರಲಿ ಬಿಡು ಕೆಂಪಾಜಮ್ಮ."

ಕೆಂಪಾಜಮ್ಮನಿಗೆ ಹೋದ ಜೀವ ಬಂತು. ಬಂದ ಕೂಡಲೇ ಬಾಯೂ ಬಂತು. "ಲೋ ಪೆದ್ದ! ಮಾವನ ಹಣೆ ಮೇಲಿನ ಚೀಟಿ ಕೀಳೋ!"

ಚೆನ್ನಿಗ ಕಿತ್ತ. ಕಿತ್ತ ಚೀಟಿ ಎಲ್ಲಿಡುವುದು? ಕೂಗುತ್ತಾ ನಿಂತ ಅವ್ವನ ಮೇಲೆ ಕೆಂಪು ಬಿಟ್ಟ. ಬೈಗುಳ. ಹಸಿರು ಬಿಟ್ಟ. ಅದೇ ಬೈಗುಳ!

ಪಟ್ ಅಂತ ಅವಳ ಹಣೆಗೇ ಅಂಟಿಸಿದ.