ಭಂಡಾರಿಯ ಅಜ್ಜಿಯ ಜಡೆಕುಚ್ಚು

ಕಿವಿ ಇತ್ತ ಕೊಡಿ ಮಕ್ಕಳೇ. ಕಲ್ಲುಹೊಳೆ ಅಂತೊಂದು ರಾಜ್ಯ. ಅದರ ಅಂಚಿನಲ್ಲಿ ಹಿಂದಿನ ಅರಸರು ಬಿಟ್ಟುಹೋದ ಹಳೆಯ ಕೋಟೆ. ಕೋಟೆಯ ಬಾಗಿಲಿಗೆ ಒತ್ತಿಕೊಂಡೇ ಹಾಲಮ್ಮನ ಗುಡಿಸಲು.

ಹಾಲಮ್ಮನ ಬಳಿ ಒಂದು ಬಿದಿರುಕೋಲು ಇತ್ತು. ಕೋಲಿನ ಒಳಗೆ ಒಂದು ಕರಿದುಂಬಿಯ ವಾಸ. ಮಣ್ಣಿನಡಿ ಲೋಹವಿದ್ದರೆ ದುಂಬಿಯ ಮೈ ಜುಮ್ಮೆನ್ನುತ್ತಿತ್ತು, ಅದು ಹಾಡತೊಡಗುತ್ತಿತ್ತು. ಹಾಲಮ್ಮ ಕೋಟೆಯೊಳಗೆ ಕೋಲನ್ನು ನೆಲದ ಮೇಲೆ ಅತ್ತಿಂದಿತ್ತ ತೂಗುತ್ತ ನಡೆಯುವಳು, ಹಾಡು ಬಂದಲ್ಲಿ ಅಗೆಯುವಳು.

ಒಂದು ಬೆಳಿಗ್ಗೆ ದುಂಬಿ "ಗುರ್ರ್" ಅಂದಿತು. ಅಗೆದರೆ ತುಕ್ಕು ಹಿಡಿದ ಲಾಳ.

"ಇದಕ್ಕೆ ಇಷ್ಟು ಸಡಗರವೇನೋ?" ಅಂದಳು ಹಾಲಮ್ಮ.

"ಕಬ್ಬಿಣವೂ ಲೋಹವೇ ತಾಯಿ," ಅಂದಿತು ದುಂಬಿ.

ಇನ್ನಷ್ಟು ಮುಂದೆ ಹೋದಾಗ "ಗುಂಯ್" ಅಂದಿತು. ಹಿಡಿ ಮುರಿದ ತಾಮ್ರದ ಸೌಟು. ಹಾಲಮ್ಮ ನಿಟ್ಟುಸಿರು ಬಿಟ್ಟು ಮುಂದೆ ನಡೆದಳು. ಹುಣಸೆಮರದ ಬುಡಕ್ಕೆ ಬಂದದ್ದೇ ತಡ, "ಝಿಣ್! ಝಿಣ್!" ಕೋಲೇ ನಡುಗಿತು. ಅಗೆದಳು. ಕಪ್ಪಿಟ್ಟ, ಮಣ್ಣು ಮೆತ್ತಿದ ಎರಡು ಬೆಳ್ಳಿ ಒಡವೆ! ಬುಡ ಅಗಲ, ತುದಿ ಚೂಪು, ಸುತ್ತಲೂ ಸಣ್ಣ ಗೆಜ್ಜೆ.

ಆ ರಾಜ್ಯದಲ್ಲೊಂದು ಕಟ್ಟಳೆ. ಕೋಟೆಯಲ್ಲಿ ಸಿಕ್ಕಿದ್ದನ್ನು ರಾಜಸಭೆಯಲ್ಲಿ ತೋರಿಸಬೇಕು. ನಮ್ಮ ಮನೆತನದ್ದು ಅಂತ ಯಾರಾದರೂ ರುಜುವಾತು ಮಾಡಿ ತೋರಿಸಿದರೆ ಅವರಿಗೆ, ಇಲ್ಲದಿದ್ದರೆ ಸಿಕ್ಕವರಿಗೆ. ಬಚ್ಚಿಟ್ಟವರಿಗೆ ಗಡೀಪಾರು. ಹಾಲಮ್ಮ ಒಡವೆಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಅರಮನೆಗೆ ಹೋದಳು.

ರಾಜನ ಪಕ್ಕದಲ್ಲೇ ಕೂತಿದ್ದ ಭಂಡಾರಿ ಮರುಳಪ್ಪ. ಬೆಳ್ಳಿ ಕಂಡರೆ ಬಾಯಲ್ಲಿ ನೀರೂರುವ ಆಸಾಮಿ. ಗಂಟು ಬಿಚ್ಚುವುದೇ ತಡ, "ಅಯ್ಯೋ, ನಮ್ಮಜ್ಜಿಯ ಜಡೆಕುಚ್ಚು!" ಅಂತ ಒಣಗಿದ ಕಣ್ಣನ್ನು ಒರೆಸಿಕೊಂಡ. ಆಮೇಲೆ ಹುಬ್ಬೇರಿಸಿದ. "ಅಲ್ಲಾ, ಕುಚ್ಚು ಅಂದಮೇಲೆ ಮೂರಿರಬೇಕು. ಇಲ್ಲಿ ಎರಡೇ ಇವೆ. ಏ ಹಾಲಮ್ಮ, ಇನ್ನೊಂದನ್ನು ಎಲ್ಲಿ ನುಂಗಿದೆ?"

ಸಭೆ ಗುಜುಗುಜು ಎಂದಿತು. ಹೌದಲ್ಲ, ಜಡೆಗೆ ಮೂರು ಕುಚ್ಚು!

ರಾಜನ ಮುಖ ಬಿಗಿಯಿತು. "ಮೂರನೆಯದನ್ನು ಕೊಡು. ಇಲ್ಲವೇ ಗಡಿ ದಾಟು."

ಹಾಲಮ್ಮ ಒಡವೆಗಳ ಮುಂದೆ ಕುಕ್ಕರಿಸಿದಳು. ಇಲ್ಲದ್ದನ್ನು ಎಲ್ಲಿಂದ ತರುವುದು? ಹುಟ್ಟಿ ಬೆಳೆದ ಕೋಟೆ ಬಿಟ್ಟು ಎಲ್ಲಿಗೆ ಹೋಗುವುದು? ಒಂದು ಒಡವೆ ಎತ್ತಿಕೊಂಡು ಸೆರಗಿನಿಂದ ಒರೆಸಿದಳು, ಒಳಗಿನ ಮಣ್ಣು ಕೆರೆದಳು. ನಾಲ್ಕು ಬೆರಳು ಸಲೀಸಾಗಿ ಒಳಗೆ ಹೋದವು. ಇಷ್ಟು ದಪ್ಪದ ಜಡೆ ಯಾರದಪ್ಪಾ? ಪಕ್ಕದಲ್ಲಿ ಮೊಳೆ ಹೊಡೆಯುವ ತೂತು. ಉಗುರಿಗೆ ಗಟ್ಟಿಯಾದ ಒಂದು ಚಕ್ಕೆ ಸಿಕ್ಕಿತು. ಕೊಂಬಿನ ಚಕ್ಕೆ! ಹಾಲಮ್ಮನಿಗೆ ನಗು ಉಕ್ಕಿ ಬಂತು. ತುಟಿ ಕಚ್ಚಿ ತಡೆದುಕೊಂಡಳು.

"ಭಂಡಾರಿಗಳೇ, ಇವು ನಿಮ್ಮಜ್ಜಿಯವೇನಾ?"

"ನಮ್ಮಜ್ಜಿಯವೇ."

"ಅವರೇ ತೊಡುತ್ತಿದ್ದರಾ?"

"ನನ್ನ ಕಣ್ಣಾರೆ ಕಂಡಿದ್ದೇನೆ."

"ತಲೆಗೇ ತಾನೇ?"

"ತಲೆಗಲ್ಲದೆ ಕಾಲಿಗೆ ಹಾಕ್ತಾರೇನೇ ದಡ್ಡಿ? ತಲೆಗೇ! ಅಜ್ಜಿ ನಡೆದರೆ ಝಲ್ ಝಲ್ ಅನ್ನುತ್ತಿತ್ತು."

ಹಾಲಮ್ಮ ರಾಜನಿಗೆ ಕೈಮುಗಿದಳು. "ಮಹಾಸ್ವಾಮಿ, ಅರಮನೆಯ ಒಂದು ಎತ್ತನ್ನು ಇಲ್ಲಿಗೆ ಕರೆಸಿ."

ಎತ್ತು ಬಂತು. ಹಾಲಮ್ಮ ಬಲಗೊಂಬಿಗೆ ಒಂದು, ಎಡಗೊಂಬಿಗೆ ಒಂದು ತೊಡಿಸಿದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಎತ್ತು ತಲೆ ಕೊಡವಿತು. ಝಲ್!

"ಇವು ಕುಚ್ಚಲ್ಲ ಮಹಾಸ್ವಾಮಿ, ಕೊಂಬಣಸು. ಎತ್ತಿಗೆ ಇರೋದು ಎರಡೇ ಕೊಂಬು, ಮೂರನೆಯದನ್ನು ನಾನೆಲ್ಲಿಂದ ತರಲಿ? ಇನ್ನು ಭಂಡಾರಿಗಳ ಅಜ್ಜಿ ಇವನ್ನು ತಲೆಗೆ ತೊಡುತ್ತಿದ್ದರು ಅಂದರೆ..." ಹಾಲಮ್ಮ ಅಲ್ಲಿಗೇ ಮಾತು ನಿಲ್ಲಿಸಿದಳು.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಾವಲಿನವನ ಕೈಯಿಂದ ಈಟಿಯೇ ಜಾರಿತು. ರಾಜನೂ ನಕ್ಕು, ನಾಚಿ, "ಬೆಳ್ಳಿ ನಿನ್ನದು ಹಾಲಮ್ಮ. ನಾನು ಅವಸರಪಟ್ಟೆ," ಅಂದ. ಮರುಳಪ್ಪನ ಕಡೆ ತಿರುಗಿದ. "ಭಂಡಾರದ ಬೀಗದಕೈ ಇಲ್ಲಿಡು. ಇಂದಿನಿಂದ ಎತ್ತಿನ ಕೊಟ್ಟಿಗೆ ನೋಡಿಕೋ. ನಿನ್ನಜ್ಜಿಯ ಬಳಗವೆಲ್ಲ ಅಲ್ಲೇ ಇದೆ."

ಹಾಲಮ್ಮ ನಿಶ್ಚಿಂತೆಯಿಂದ ಮನೆಗೆ ಹೋದಳು. ತನ್ನದಲ್ಲದ್ದನ್ನು ತನ್ನದು ಅನ್ನಬಾರದು ಮಕ್ಕಳೇ. ಎರಡು ಚೂರು ಬೆಳ್ಳಿಯ ಆಸೆಗೆ ಬಿದ್ದು ಮರುಳಪ್ಪ ಹೆತ್ತಮ್ಮನ ಹೆತ್ತವಳಿಗೇ ಕೊಂಬು ಮೂಡಿಸಿಬಿಟ್ಟ.