ಮನೆಬಂಡಿಗೆ ಎಷ್ಟು ಜೋಡಿ ಎತ್ತು

"ಕೇಳ್ರಪ್ಪೋ ಕೇಳಿ. ರಾಜಕುಮಾರಿ ಹೊನ್ನಾಜಿಯವರು ಒಳಗೇ ವಾಸ ಮಾಡ್ಕೊಂಡು ದೇಶ ಸುತ್ತೋದಕ್ಕೆ ಮನೆಬಂಡಿ ಕಟ್ಟಿಸಿದ್ದಾರೆ. ಅದಕ್ಕೆ ಒಂದು ಜೋಡಿ ಎತ್ತು ಕಟ್ಟಬೇಕೋ, ಎರಡೋ, ನಾಲ್ಕೋ ತೀರ್ಮಾನವಾಗಬೇಕು. ಅವರ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಕೊಡ್ತಾರೆ. ತಪ್ಪಿದವನ ತಲೆ ತೆಗೀತಾರೆ."

ಡಂಗುರದವನು ಹೀಗೆ ಸಾರಿಕೊಂಡು ಹೋದಾಗ ಚಿಕ್ಕೀರ ನೊಗಕ್ಕೆ ಹೆಗಲು ಕೊಟ್ಟು ನಿಂತಿದ್ದ. ಅವನದು ಉಪ್ಪಿನ ಗಾಡಿ. ನೊಗದ ಬಲಕ್ಕೆ ಅವನ ಎತ್ತು ಕೆಂದ, ಎಡಕ್ಕೆ ಅವನೇ. ಎಡಗಡೆಯ ಎತ್ತು ಹೋದ ಸುಗ್ಗಿಯಲ್ಲಿ ಬೇನೆ ಬಂದು ಸತ್ತಿತ್ತು. ಬಲಕ್ಕೆ ಪಳಗಿದ ಎತ್ತನ್ನು ಎಡಕ್ಕೆ ಹೂಡಿದರೆ ಅದು ಹೆಜ್ಜೆ ಕೀಳುವುದಿಲ್ಲ, ಎಡದ್ದೇ ಸಿಗಬೇಕು. ಅದು ಎಲ್ಲೂ ಸಿಕ್ಕಿರಲಿಲ್ಲ. ಜೋಡಿ ಹೋದಂದಿನಿಂದ ಕೆಂದ ಮೇವು ಬಿಟ್ಟು ಸೊರಗುತ್ತಿತ್ತು. ಪಕ್ಕದಲ್ಲಿ ನಿಂತು ಯಾರಾದರೂ ಮಾತಾಡುತ್ತಿದ್ದರೆ ಮಾತ್ರ ನಾಲ್ಕು ಬಾಯಿ ಹುಲ್ಲು ತಿನ್ನುತ್ತಿತ್ತು. ಚಿಕ್ಕೀರನಿಗೂ ಮಾತಾಡಲು ಬೇರೆ ಯಾರಿದ್ದರು? ಅರಮನೆಯ ಕೊಟ್ಟಿಗೆಯಲ್ಲಿ ಎಡಗಡೆಯ ಎತ್ತು ಒಂದಾದರೂ ಇದ್ದೀತು, ಸಿಗದಿದ್ದರೆ ಕೆಂದ ಈ ಮಳೆಗಾಲ ಕಾಣುವುದಿಲ್ಲ ಎಂದುಕೊಂಡು ಅವನು ಅರಮನೆಯ ಹಾದಿ ಹಿಡಿದ.

ತಲೆ ತೆಗೆಯುವ ಶರತ್ತು ರಾಜಕುಮಾರಿಯದಲ್ಲ, ರಾಜನದು. ಹಿಂದಿನ ವರ್ಷ ಜ್ವರ ಬಂದು ರಾಣಿಯೂ ಇಬ್ಬರು ಕಿರಿಯ ಹೆಣ್ಣುಮಕ್ಕಳೂ ತೀರಿಕೊಂಡಿದ್ದರು. ಇವಳೂ ಹೊರಟುಬಿಟ್ಟರೆ ಅಷ್ಟು ದೊಡ್ಡ ಮನೆಯಲ್ಲಿ ಯಾರ ಮುಖ ನೋಡಲಿ ಎಂದು ಹೆದರಿ, ಯಾರೂ ಒಗಟಿನ ಹತ್ತಿರ ಸುಳಿಯದಿರಲಿ ಎಂದು ಹಾಕಿದ್ದು. ಆದರೂ ಬಂದರು. ರಾಜನ ಅಳಿಯನಾಗುವ ಆಸೆಯಿದ್ದವರಿಗೆ ತಲೆ ಬಹಳ ಅಗ್ಗ ನೋಡಿ.

ಮೊದಲು ಬಂದವನು ನೆರೆರಾಜ್ಯದ ರಾಜಕುಮಾರ. ಹೊನ್ನಾಜಿ ಕೇಳಿದಳು: "ಏರಿನಲ್ಲಿ ಬಲ ಸಾಲದಿದ್ದರೆ ಬಂಡಿ ನಿಲ್ಲುತ್ತದೆ, ಅಷ್ಟೆ. ಬಲ ಸಾಲದಿದ್ದರೆ ಬಂಡಿಯೂ ಉಳಿಯದ, ಎತ್ತೂ ಉಳಿಯದ ಜಾಗ ಯಾವುದು?"

"ಯುದ್ಧಭೂಮಿ," ಎಂದು ಅವನು ಮೀಸೆ ತಿರುವಿದ. ಮೀಸೆಯ ಸಮೇತ ಅವನನ್ನು ಎಳೆದೊಯ್ದರು. ಆಮೇಲೆ ದಂಡನಾಯಕನ ಮಗ ಬಂದು, "ಕೆಸರು," ಎಂದ. ಅವನೂ ಮನೆಗೆ ಮರಳಲಿಲ್ಲ.

ಅದೇ ಒಗಟು ಚಿಕ್ಕೀರನ ಮುಂದೆ ಬಂತು. "ಇಳಿಜಾರು, ತಾಯಿ," ಎಂದ. "ಏರಲ್ಲಿ ಸೋತ್ರೆ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಬೌದು. ಇಳಿಯೋವಾಗ ಎತ್ತೇ ಹಿಂದಕ್ಕೆ ವಾಲಿ ತಡೀಬೇಕು. ತಡೆಯೋ ಶಕ್ತಿ ಇಲ್ದಿದ್ರೆ ಬಂಡಿ ಎತ್ತಿನ ಮೇಲೇ ಹರೀತದೆ."

ರಾಜ ನೆಟ್ಟಗೆ ಕೂತ. ಹೊನ್ನಾಜಿ ಎರಡನೆಯದನ್ನು ಕೇಳಿದಳು: "ಹೊರೆ ಹಗುರಾಗಲಿ ಎಂದು ಸೇರಿಸುತ್ತಾ ಹೋಗುತ್ತೇನೆ. ಸೇರಿಸಿದಷ್ಟೂ ಹೊರೆ ಹೆಚ್ಚುತ್ತದೆ. ಏನದು?"

"ಎತ್ತೇ, ತಾಯಿ. ಒಂದೊಂದು ಜೋಡಿ ಹೆಚ್ಚಿದಾಗಲೂ ಅದರ ಹುಲ್ಲು, ಹುರುಳಿ, ಹಿಂಡಿ ಎಲ್ಲ ಬಂಡಿಗೇ ಏರ್ತದೆ. ನಾಕು ಜೋಡಿ ಕಟ್ಟಿದ್ರೆ ಅವು ಎಳೆಯೋದು ಅವುಗಳ ಊಟಾನೇ."

ಮೂರನೆಯದನ್ನು ಕೇಳುವಾಗ ಅವಳ ದನಿ ತಗ್ಗಿತು. "ನಾಲ್ಕು ಜೋಡಿ ಕಟ್ಟಿ ನೋಡಿದೆ. ಒಂದು ಹರದಾರಿಗೇ ಎತ್ತುಗಳ ಬಾಯಲ್ಲಿ ನೊರೆ ಬಂತು. ಮೇವಿನ್ನೂ ಹೇರಿರಲಿಲ್ಲ. ಒಳಗೆ ಕೂತವಳು ನಾನೊಬ್ಬಳೇ. ಹಾಗಾದರೆ ಅವು ಎಳೆದದ್ದು ಯಾರನ್ನು?"

ಚಿಕ್ಕೀರ ಅಪ್ಪಣೆ ಕೇಳಿ ಅಂಗಳದಲ್ಲಿ ನಿಂತಿದ್ದ ಬಂಡಿಯೊಳಗೆ ಇಣುಕಿದ. ಅವಳ ಚಾಪೆಯೊಂದು ಮೂಲೆಯಲ್ಲಿ ಸುತ್ತಿಟ್ಟಿತ್ತು. ಉಳಿದ ಜಾಗವೆಲ್ಲ ಬೀಟೆಯ ಮಂಚಗಳು, ಒಂದು ದೊಡ್ಡದು, ಎರಡು ಚಿಕ್ಕವು. ಹಾಸಿಗೆ ಹಾಸಿತ್ತು, ದಿಂಬು ಇಟ್ಟಿತ್ತು, ಯಾರೂ ಮಲಗಿದ ಗುರುತಿರಲಿಲ್ಲ. ಅವನಿಗೆ ಉತ್ತರ ಹೊಳೆಯಿತು. ಅವಳ ಮುಖ ನೋಡಿದರೆ ಸುಮ್ಮನಿದ್ದುಬಿಡೋಣ ಅನ್ನಿಸಿತು. ಸುಮ್ಮನಿದ್ದರೆ ತನ್ನ ತಲೆಯ ಜೊತೆಗೆ ಕೆಂದನ ಪ್ರಾಣವೂ ಹೋಗುತ್ತಿತ್ತು.

"ಇಲ್ಲದವರನ್ನ, ತಾಯಿ," ಎಂದ. "ತಪ್ಪು ತಿಳೀಬೇಡಿ. ನಾನೂ ಸಂಜೆ ಆದ್ರೆ ಸತ್ತ ಎತ್ತಿನ ಗೂಟದ ಮುಂದೆ ಹುಲ್ಲು ಹಾಕ್ತೀನಿ. ಬೆಳಿಗ್ಗೆ ಹಂಗೇ ಇರ್ತದೆ. ಮಂಚ ಇಳಿಸಿದ್ರೆ ಎರಡು ಜೋಡಿ ಸಾಕು. ಒಂದು ಜೋಡಿ ಬಯಲಲ್ಲಿ ಎಳೀತದೆ, ಇಳಿಜಾರಲ್ಲಿ ತಡಿಯಲ್ಲ. ನಾಕು ಕಟ್ಟಿದ್ರೆ ಮೇವಿಗೇ ಜಾಗ ಸಾಲಲ್ಲ."

ಹೊನ್ನಾಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಇಳಿಸಿ," ಎಂದು ಆಳುಗಳಿಗೆ ಹೇಳಿದಳು. ಮಂಚಗಳು ಅಂಗಳಕ್ಕೆ ಬಂದವು. ರಾಜ ಎದ್ದು ಬಂದು ದೊಡ್ಡ ಮಂಚದ ತುದಿಯಲ್ಲಿ ಕೂತ. "ಬಿಡಿಸಿದ. ಕೇಳಿದ್ದು ಕೊಟ್ಟುಬಿಡಿ," ಎಂದಷ್ಟೇ ಹೇಳಿದ.

ಇವನು ಕೇಳುವುದು ರಾಜಕುಮಾರಿಯ ಕೈಯನ್ನೇ ಎಂದು ಸಭೆಗೆ ಸಭೆಯೇ ಕಿವಿ ನೆಟ್ಟಗೆ ಮಾಡಿತು.

"ಎಡಗಡೆ ಎಳೆಯೋ ಎತ್ತು ಒಂದು ಕೊಡ್ಸಿ," ಎಂದ ಚಿಕ್ಕೀರ.

"ಅಷ್ಟೇನಾ?" ಎಂದಳು ಹೊನ್ನಾಜಿ. ಬಂಡಿಯಲ್ಲಿ ಖಾಲಿಯಾದ ಜಾಗದ ಕಡೆ ಒಮ್ಮೆ, ಅವನ ಕಡೆ ಒಮ್ಮೆ ನೋಡಿದಳು.

ಇನ್ನೇನೋ ಅವನ ನಾಲಿಗೆಯ ತುದಿಗೆ ಬಂದಿತ್ತು. ತನ್ನ ಧೂಳುಗಾಲು ನೋಡಿಕೊಂಡು ನುಂಗಿಕೊಂಡ. "ಅಷ್ಟೇ, ತಾಯಿ."

ಎರಡು ಜೋಡಿ ಕಟ್ಟಿದ ಮನೆಬಂಡಿ ಬಡಗಲ ಬಾಗಿಲಿಂದ ಹೊರಟಿತು, ಉಪ್ಪಿನ ಗಾಡಿ ತೆಂಕಲಿಂದ. ಹೊಸ ಎತ್ತು ಪಕ್ಕಕ್ಕೆ ಬಂದೊಡನೆ ಕೆಂದ ಅದರ ಕುತ್ತಿಗೆ ಮೂಸಿತು, ನೆಕ್ಕಿತು, ಮುಂದಿಟ್ಟ ಹುಲ್ಲನ್ನೆಲ್ಲ ತಿಂದು ಮುಗಿಸಿತು. ಚಿಕ್ಕೀರನಿಗೆ ನಿಜವಾಗಿಯೂ ಸಂತೋಷವಾಯಿತು. ಎಷ್ಟೋ ತಿಂಗಳ ಮೇಲೆ ಗಾಡಿಯ ಮೇಲೆ ಕೂತು, ಎಂದಿನ ಹಾಗೆ ಊರಿನ ಸುದ್ದಿ ತೆಗೆದ. ಮೊದಲಾಗಿದ್ದರೆ ಕೆಂದನ ಕಿವಿ ಅವನ ಕಡೆ ತಿರುಗುತ್ತಿತ್ತು. ಈಗ ಜೋಡಿಯ ಕಡೆಗೇ ಇತ್ತು. ಚಿಕ್ಕೀರ ಮಾತನ್ನು ಅರ್ಧಕ್ಕೆ ನಿಲ್ಲಿಸಿದ. ಕೇಳಿದ್ದು ಸಿಕ್ಕಿದವನು ಅಳಬಾರದು ಎಂದು ಗೊತ್ತಿತ್ತು, ಆದರೂ ಅಳು ಬಂತು. ಕತೆ ಕೇಳಿದವರೇ, ಅವನ ಗಾಡಿ ಊರು ಮುಟ್ಟುವುದಕ್ಕೆ ಇನ್ನೂ ಬಹಳ ದೂರವಿದೆ, ನಾವು ಮಾತ್ರ ಇಲ್ಲೇ ಇಳಿಯೋಣ.